ಆಂಟಿವೈರಸ್ ಇತ್ತು, ಆದರೂ ವೈರಸ್ ಬಂತು

ಪ್ರಶ್ನೆ: ಮಂಡ್ಯದಲ್ಲಿ ತಾಲ್ಲೂಕು ಕಚೇರಿಗೆ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಡಿಟಿಪಿ, ಪ್ರಿಂಟ್ ಎಲ್ಲವೂ ಎರಡು ಕಂಪ್ಯೂಟರ್‌ಗಳಲ್ಲಿ ನಡೆಯುತ್ತದೆ. ಒಂದು ತಿಂಗಳಿಂದ ಗಿರಾಕಿಗಳು ‘ನಿಮ್ಮಲ್ಲಿ ಹಾಕಿದ ಮೇಲೆ ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಶಾರ್ಟ್‌ಕಟ್ ಆಗಿದೆ’ ಎಂದು ಜಗಳಕ್ಕೆ ಬರುತ್ತಿದ್ದಾರೆ. ಪರದೆಯ ಬಲಮೂಲೆಯಲ್ಲಿ ‘ಆಂಟಿವೈರಸ್ ಅವಧಿ ಮುಗಿದಿದೆ, ಐದು ವೈರಸ್ ಸಿಕ್ಕಿವೆ’ ಎಂಬ ಕೆಂಪು ಎಚ್ಚರಿಕೆ ಹತ್ತು ನಿಮಿಷಕ್ಕೊಮ್ಮೆ ಏಳುತ್ತದೆ. ಆದರೆ ವಿಂಡೋಸ್ ಜೊತೆಗೇ ಬಂದಿರುವ ಆಂಟಿವೈರಸ್ ಹಸಿರು ಗುರುತು ತೋರಿಸುತ್ತಿದೆ. ವಿಂಡೋಸ್ ಹಾಕಿಕೊಟ್ಟಿದ್ದ ಹುಡುಗ ‘ದುಡ್ಡು ಕೊಟ್ಟು ಒಳ್ಳೆಯ ಆಂಟಿವೈರಸ್ ಹಾಕಿಸಿ’ ಎನ್ನುತ್ತಾನೆ. ಹಾಕಿಸಲೇ? ಆಂಟಿವೈರಸ್ ನಿಜವಾಗಿ ಏನು ಮಾಡುತ್ತದೆ? ಪರದೆಯ ಎರಡು ಫೋಟೋ ಲಗತ್ತಿಸಿದ್ದೇನೆ. (ಓದುಗರು, ಮಂಡ್ಯ)

ಉತ್ತರ: ದುಡ್ಡಿನ ಮಾತು ಆಮೇಲೆ. ನಿಮ್ಮ ಪತ್ರದಲ್ಲಿ ನನಗೆ ಅನುಮಾನ ಹುಟ್ಟಿಸಿದ್ದು ಆ ಹಸಿರು ಗುರುತು. ಇಷ್ಟೆಲ್ಲ ನಡೆಯುತ್ತಿದ್ದರೂ ಆಂಟಿವೈರಸ್ ‘ಎಲ್ಲ ಸರಿಯಾಗಿದೆ’ ಎನ್ನುತ್ತಿದೆಯೆಂದರೆ ಒಂದೋ ಅದರ ಅರಿವಿಗೆ ಬರದ ಹೊಸ ಪಿಡುಗು ಬಂದಿರಬೇಕು, ಇಲ್ಲವೇ ‘ನೀನು ಆ ಕಡೆ ನೋಡಬೇಡ’ ಎಂದು ಯಾರೋ ಅದಕ್ಕೆ ಹೇಳಿಟ್ಟಿರಬೇಕು. ಶಾರ್ಟ್‌ಕಟ್ ವೈರಸ್ ಹೊಸದೇನಲ್ಲ, ಹತ್ತು ಹದಿನೈದು ವರ್ಷದಿಂದ ಓಡಾಡುತ್ತಿರುವ ಹಳೆಯ ಕಳ್ಳ. ಆದ್ದರಿಂದ ನಾನು ಎರಡನೆಯದನ್ನೇ ಮೊದಲು ನೋಡುತ್ತೇನೆ.

ನೀವೂ ಈಗಲೇ ನೋಡಿಬಿಡಿ. ವಿಂಡೋಸ್ ಸೆಕ್ಯೂರಿಟಿ ತೆರೆಯಿರಿ. ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ ಒಳಗೆ ‘ಮ್ಯಾನೇಜ್ ಸೆಟ್ಟಿಂಗ್ಸ್’ ಒತ್ತಿ, ಪುಟದ ತಳಕ್ಕೆ ಇಳಿದರೆ ‘ಎಕ್ಸ್‌ಕ್ಲೂಷನ್ಸ್’ ಎಂಬ ಜಾಗ ಸಿಗುತ್ತದೆ. ಆಂಟಿವೈರಸ್ ತಪಾಸಣೆ ಮಾಡಬಾರದ ಜಾಗಗಳ ಪಟ್ಟಿ ಅದು. ಸಾಮಾನ್ಯ ಕಂಪ್ಯೂಟರಿನಲ್ಲಿ ಖಾಲಿ ಇರಬೇಕು. ಇತ್ತೀಚೆಗೆ ಇಲ್ಲಿ ಮೈಸೂರಿನಲ್ಲಿ, ನಿಮ್ಮಂಥದ್ದೇ ಒಂದು ಅಂಗಡಿಯ ಕಂಪ್ಯೂಟರ್ ನನ್ನ ಮೇಜಿಗೆ ಬಂದಿತ್ತು. ಪಟ್ಟಿ ತೆರೆದರೆ ಒಂದೇ ಒಂದು ಸಾಲು: ಸಿ ಡ್ರೈವ್. ಇಡೀ ಮನೆಗೆ ಕಾವಲು ಬೇಡ ಎಂದು ಬರೆದುಕೊಟ್ಟು, ಗೇಟಿನಲ್ಲಿ ಕಾವಲುಗಾರನನ್ನು ನಿಲ್ಲಿಸಿದ ಹಾಗೆ. ಅವನ ಸಮವಸ್ತ್ರ ಇಸ್ತ್ರಿ ಮಾಡಿದ್ದೇ, ಹಸಿರು ಗುರುತೂ ಇದೆ, ನೋಡುವುದಕ್ಕೆ ಮಾತ್ರ ಏನೂ ಇಲ್ಲ.

ಆ ಸಾಲು ಅಲ್ಲಿಗೆ ಹೇಗೆ ಬರುತ್ತದೆ ಎಂಬುದನ್ನು ನಿಮ್ಮ ಹುಡುಗನನ್ನೇ ಕೇಳಬಹುದು. ವಿಂಡೋಸ್ ಹಾಕುವಾಗ ‘ಸ್ವಲ್ಪ ಹೊತ್ತು ಆಂಟಿವೈರಸ್ ಆಫ್ ಮಾಡುತ್ತೇನೆ ಸಾರ್’ ಎಂದಿದ್ದನೇ, ನೆನಪಿಸಿಕೊಳ್ಳಿ. ಲೈಸೆನ್ಸ್ ಕೊಳ್ಳದೆ ವಿಂಡೋಸನ್ನೂ ಆಫೀಸನ್ನೂ ಚಾಲೂ ಮಾಡಿಕೊಡುವ ‘ಆಕ್ಟಿವೇಟರ್’ ಎಂಬ ಸಣ್ಣ ಪ್ರೋಗ್ರಾಂಗಳನ್ನು ಆಂಟಿವೈರಸ್ ಕಂಡ ಕೂಡಲೇ ಹಿಡಿಯುತ್ತದೆ. ಹಾಗಾಗಿ ಅವುಗಳ ಜೊತೆಗೆ ಬರುವ ಸೂಚನೆಯಲ್ಲಿ ಮೊದಲ ಸಾಲೇ ‘ಆಂಟಿವೈರಸ್ ನಿಲ್ಲಿಸಿ’ ಎಂದಿರುತ್ತದೆ. ಕೆಲವು ಅಷ್ಟನ್ನೂ ಕೇಳುವುದಿಲ್ಲ, ತಾವೇ ಹೋಗಿ ಆ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳುತ್ತವೆ. ಆಮೇಲೆ ಅದೇ ದಾರಿಯಲ್ಲಿ ಇನ್ನೇನು ಒಳಗೆ ಬಂದರೂ ಕೇಳುವವರಿಲ್ಲ. ಹುಡುಗ ನಿಮಗೆ ಮೋಸ ಮಾಡಿದ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಕಲಿಸಿದವರು ಹಾಗೆ ಕಲಿಸಿದರು, ನೀವೂ ನಾವೂ ಕಡಿಮೆ ದರ ಕೇಳಿದೆವು. ಆದರೆ ಈಗ ಅವನೇ ಹೊಸ ಆಂಟಿವೈರಸ್ ಹಾಕಲು ಬಂದರೆ, ಅದನ್ನೂ ಹೀಗೆಯೇ ‘ಸ್ವಲ್ಪ ಹೊತ್ತು’ ಆಫ್ ಮಾಡುತ್ತಾನೆ.

ಇನ್ನು ಪೆನ್‌ಡ್ರೈವ್ ವಿಚಾರಕ್ಕೆ ಬರೋಣ. ನಿಮ್ಮ ಗಿರಾಕಿಗಳ ಜಗಳ ಇಲ್ಲೇ ಇರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಕಾಲದಲ್ಲಿ ಪೆನ್‌ಡ್ರೈವ್ ಚುಚ್ಚಿದರೆ ಸಾಕು, ಅದರಲ್ಲಿದ್ದ ವೈರಸ್ ತಾನಾಗಿ ಓಡುತ್ತಿತ್ತು. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ವರ್ಮ್ (ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿ ಹರಡುವ ಪಿಡುಗು) ಬಳಸಿಕೊಂಡ ದಾರಿಗಳಲ್ಲಿ ಇದೂ ಒಂದು. ಮೈಕ್ರೋಸಾಫ್ಟ್ ವಿಂಡೋಸ್ 7ರಲ್ಲಿ ಆ ಸೌಲಭ್ಯ ಕಿತ್ತುಹಾಕಿತು, 2011ರಲ್ಲಿ ಹಳೆಯ ವಿಂಡೋಸ್‌ಗಳಿಗೂ ಅದೇ ತಿದ್ದುಪಡಿ ಕಳಿಸಿತು. ತಾನಾಗಿ ಓಡಲು ಆಗದ ಮೇಲೆ ವೈರಸ್ ಬರೆಯುವವರು ಮನುಷ್ಯನ ಬೆರಳನ್ನೇ ನಂಬಿಕೊಂಡರು. ನೀವು ಕ್ಲಿಕ್ ಮಾಡಲೇಬೇಕಾದ ವಸ್ತುವಿನ ವೇಷ ಹಾಕಿದರು.

ನಿಮ್ಮ ಸೋಂಕಿತ ಕಂಪ್ಯೂಟರಿಗೆ ಗಿರಾಕಿ ಪೆನ್‌ಡ್ರೈವ್ ಕೊಟ್ಟರು ಎನ್ನಿ. ಒಳಗೆ ಕುಳಿತಿರುವ ಸ್ಕ್ರಿಪ್ಟ್ ಅದರಲ್ಲಿರುವ ಪ್ರತಿ ಫೋಲ್ಡರನ್ನೂ ಮರೆಮಾಡಿ, ಅದೇ ಹೆಸರಿನ, ಅದೇ ಹಳದಿ ಫೋಲ್ಡರ್ ಚಿತ್ರದ ಶಾರ್ಟ್‌ಕಟ್ ಒಂದನ್ನು ಅಲ್ಲಿ ಇಡುತ್ತದೆ. ತನ್ನದೊಂದು ಪ್ರತಿಯನ್ನೂ ಬಚ್ಚಿಡುತ್ತದೆ. ಗಿರಾಕಿ ಮನೆಗೆ ಹೋಗಿ ‘ಮಾರ್ಕ್ಸ್‌ಕಾರ್ಡ್’ ಎಂಬ ಫೋಲ್ಡರ್ ಎಂದುಕೊಂಡು ಅದನ್ನು ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಮರುಕ್ಷಣ ನಿಜವಾದ ಫೋಲ್ಡರ್ ತೆರೆದುಕೊಳ್ಳುತ್ತದೆ. ಅಂಕಪಟ್ಟಿ ಎದುರಿಗೆ ಇದೆ, ಯಾರಿಗೆ ಅನುಮಾನ ಬಂದೀತು? ಈಗ ಆ ಮನೆಯ ಕಂಪ್ಯೂಟರ್ ಮುಂದಿನ ಪೆನ್‌ಡ್ರೈವ್‌ಗೆ ಕಾಯುತ್ತಿರುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಚಿತ್ರದ ಎಡತಳ ಮೂಲೆಯಲ್ಲಿ ಪುಟ್ಟ ಬಾಣ ಇರುತ್ತದೆ. ‘ಡೀಟೇಲ್ಸ್’ ನೋಟಕ್ಕೆ ಬದಲಿಸಿದರೆ ‘ಟೈಪ್’ ಕಂಬದಲ್ಲಿ ‘ಫೈಲ್ ಫೋಲ್ಡರ್’ ಎಂದಿರಬೇಕಾದ ಕಡೆ ‘ಶಾರ್ಟ್‌ಕಟ್’ ಎಂದಿರುತ್ತದೆ, ಗಾತ್ರ ಒಂದೋ ಎರಡೋ ಕೆಬಿ. ಕಡತದ ಹೆಸರಿನ ಬಾಲ ಕಾಣುವಂತೆ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆಯ್ಕೆಗೆ ಟಿಕ್ ಹಾಕಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಪಿಡಿಎಫ್ ವೇಷದ ಪ್ರೋಗ್ರಾಂ ಹಿಡಿಯಲು ಅದು ಬೇಕು. ಆದರೆ ಶಾರ್ಟ್‌ಕಟ್‌ನ ಬಾಲವನ್ನು ಮಾತ್ರ ವಿಂಡೋಸ್ ಆಗಲೂ ತೋರಿಸುವುದಿಲ್ಲ. ಇಲ್ಲಿ ಆ ಬಾಣವೇ ಸಾಕ್ಷಿ.

ಗಿರಾಕಿಗಳಿಗೆ ಒಂದು ಮಾತು ಹೇಳಿ: ಫಾರ್ಮ್ಯಾಟ್ ಮಾಡಬೇಡಿ, ಕಡತಗಳು ಹೋಗಿಲ್ಲ. ಕೆಲವು ವರ್ಷಗಳ ಹಿಂದೆ ಮಾನಸಗಂಗೋತ್ರಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಬೈಂಡಿಂಗ್‌ಗೆ ಕೊಡುವ ಮುನ್ನ ಎಲ್ಲೋ ಪ್ರಿಂಟ್ ತೆಗೆಸಿದ್ದಳು, ಐದು ಅಧ್ಯಾಯಗಳಿದ್ದ ಪೆನ್‌ಡ್ರೈವ್‌ನಲ್ಲಿ ಈಗ ಒಂದೇ ಶಾರ್ಟ್‌ಕಟ್. ಪಕ್ಕದ ಅಂಗಡಿಯವರು ಫಾರ್ಮ್ಯಾಟ್ ಮಾಡಿಸಿ ಎಂದಿದ್ದರಂತೆ. ಪೆನ್‌ಡ್ರೈವ್‌ನ ‘ಪ್ರಾಪರ್ಟೀಸ್’ ನೋಡಿದೆ. ಒಂದು ಶಾರ್ಟ್‌ಕಟ್ ಮಾತ್ರ ಇರುವ ಡ್ರೈವ್‌ನಲ್ಲಿ ಮುಕ್ಕಾಲು ಪಾಲು ಜಾಗ ಭರ್ತಿಯಾಗಿತ್ತು. ‘ಹಿಡನ್ ಐಟಮ್ಸ್’ಗೆ ಟಿಕ್ ಹಾಕಿ, ‘ಫೋಲ್ಡರ್ ಆಪ್ಷನ್ಸ್’ನಲ್ಲಿ ಆಪರೇಟಿಂಗ್ ಸಿಸ್ಟಂ ಕಡತಗಳನ್ನು ಮರೆಮಾಡುವ ಟಿಕ್ ತೆಗೆದಾಗ ಮಸುಕಾದ ಫೋಲ್ಡರ್ ಒಂದು ಕಾಣಿಸಿತು. ಅದಕ್ಕೆ ಹೆಸರೇ ಇರಲಿಲ್ಲ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಕಣ್ಣಿಗೆ ಕಾಣದ ಖಾಲಿ ಜಾಗದ ಅಕ್ಷರವೊಂದೇ ಅದರ ಹೆಸರು. ಐದೂ ಅಧ್ಯಾಯಗಳು ಅದರೊಳಗೆ ಇದ್ದವು. ನೀವು ಈ ಎರಡು ಟಿಕ್‌ಗಳನ್ನು ಕಲಿತುಕೊಂಡರೆ ಜಗಳಕ್ಕೆ ಬಂದವರು ಕಾಫಿ ಕೊಡಿಸಿ ಹೋಗುತ್ತಾರೆ. ಕಡತ ತೆಗೆಯುವ ಕೆಲಸವನ್ನು ಶುಚಿಯಾದ ಕಂಪ್ಯೂಟರಿನಲ್ಲಿ ಮಾಡಿ, ಶಾರ್ಟ್‌ಕಟ್‌ಗಳನ್ನು ಮುಟ್ಟದೆ.

ಆಂಟಿವೈರಸ್ ಏನು ಮಾಡುತ್ತದೆ ಎಂದು ಕೇಳಿದ್ದೀರಿ. ಅದಕ್ಕೆ ಎರಡು ಬಗೆಯ ಕಣ್ಣು ಇವೆ. ಮೊದಲನೆಯದು ಪೊಲೀಸ್ ಠಾಣೆಯ ಹಲಗೆಯ ಮೇಲಿನ ಫೋಟೋಗಳಂತೆ. ಜಗತ್ತಿನಲ್ಲಿ ಎಲ್ಲೋ ಸಿಕ್ಕಿಬಿದ್ದ ವೈರಸ್‌ನ ಚಹರೆಯನ್ನು ಕಂಪನಿ ತನ್ನ ಪಟ್ಟಿಗೆ ಸೇರಿಸುತ್ತದೆ, ಆ ಪಟ್ಟಿ ನಿಮ್ಮ ಕಂಪ್ಯೂಟರಿಗೆ ಇಳಿಯುತ್ತದೆ, ನೀವು ತೆರೆಯುವ ಪ್ರತಿ ಕಡತವನ್ನೂ ಅದರ ಜೊತೆ ತಾಳೆ ನೋಡುತ್ತದೆ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ ಬ್ರೈನ್ ವೈರಸ್ ಫ್ಲಾಪಿಗಳಲ್ಲಿ ಹರಡುತ್ತಿದ್ದ ಕಾಲಕ್ಕೆ ಈ ವಿಧಾನ ಸಾಕಿತ್ತು. ಈಗಿನವು ಪ್ರತಿ ಬಾರಿ ಬೇರೆ ಅಂಗಿ ತೊಟ್ಟು ಬರುತ್ತವೆ. ಒಳಗಿನ ಕೆಲಸ ಅದೇ, ಹೊರಗಿನ ಸಂಕೇತ ಬೇರೆ. ಫೋಟೋ ತಾಳೆಯಾಗುವುದಿಲ್ಲ.

ಅದಕ್ಕೆ ಎರಡನೆಯ ಕಣ್ಣು. ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯ ಜನಸಂದಣಿಯಲ್ಲಿ ಮಫ್ತಿಯಲ್ಲಿ ನಿಂತ ಪೊಲೀಸರು ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ. ಎಲ್ಲರೂ ಅಂಬಾರಿಯ ಕಡೆ ನೋಡುತ್ತಿರುವಾಗ ಪಕ್ಕದವರ ಜೇಬಿನ ಕಡೆ ನೋಡುವವನು ಯಾರು? ಆಂಟಿವೈರಸ್ ಕೂಡ ಪ್ರೋಗ್ರಾಂಗಳ ನಡವಳಿಕೆ ಕಾಯುತ್ತದೆ. ಒಂದು ವರ್ಡ್ ಕಡತ ತೆರೆದರೆ ಅದು ಹಿನ್ನೆಲೆಯಲ್ಲಿ ಇಂಟರ್‌ನೆಟ್‌ನಿಂದ ಏನನ್ನೋ ಇಳಿಸಿಕೊಂಡು ಓಡಿಸುವುದೇಕೆ? ಯಾವುದೋ ಪ್ರೋಗ್ರಾಂ ಒಂದೇ ನಿಮಿಷದಲ್ಲಿ ನೂರಾರು ಕಡತಗಳನ್ನು ಬದಲಿಸುತ್ತಿರುವುದೇಕೆ? ಅನುಮಾನ ಬಂದರೆ ತಡೆದು, ‘ಕ್ವಾರಂಟೈನ್’ ಎಂಬ ಬೀಗ ಹಾಕಿದ ಕೋಣೆಗೆ ತಳ್ಳುತ್ತದೆ.

ಈ ಎರಡನೆಯ ಕಣ್ಣು ಕೆಲವೊಮ್ಮೆ ಸಜ್ಜನರನ್ನೂ ಹಿಡಿಯುತ್ತದೆ. ನಿಮ್ಮ ಡಿಟಿಪಿ ಕೆಲಸದ ಉದಾಹರಣೆಯನ್ನೇ ತೆಗೆದುಕೊಳ್ಳಿ. ನುಡಿ, ಬರಹದಂಥ ತಂತ್ರಾಂಶಗಳು ನೀವು ಒತ್ತಿದ ಕೀಲಿಯನ್ನು ನಡುದಾರಿಯಲ್ಲಿ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸಿ ಕೊಡಬೇಕು. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಯನ್ನು ನಡುದಾರಿಯಲ್ಲೇ ಹಿಡಿಯುತ್ತದೆ. ಒಬ್ಬನದು ಸೇವೆ, ಇನ್ನೊಬ್ಬನದು ಕಳ್ಳತನ, ದೂರದಿಂದ ನೋಡಿದರೆ ಕೈಚಲನೆ ಒಂದೇ. ಇಂಥ ಕಡೆ ನುಡಿಯ ಫೋಲ್ಡರ್ ಒಂದನ್ನೇ ಹೆಸರಿಸಿ ವಿನಾಯಿತಿ ಕೊಡಬಹುದು. ಆ ಎಕ್ಸ್‌ಕ್ಲೂಷನ್ ಪಟ್ಟಿ ಇರುವುದೇ ಇದಕ್ಕಾಗಿ, ಇಡೀ ಸಿ ಡ್ರೈವ್ ಬರೆದಿಡುವುದಕ್ಕಲ್ಲ.

ಕೆಂಪು ಎಚ್ಚರಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ವೈರಸ್ಸೇ ಅಲ್ಲ. ನಿಮ್ಮ ಮೊದಲ ಫೋಟೋವನ್ನು ಹಿಗ್ಗಿಸಿ ನೋಡಿ, ಎಚ್ಚರಿಕೆಯ ತಳದಲ್ಲಿ ಸಣ್ಣಕ್ಷರದಲ್ಲಿ ಕ್ರೋಮ್ ಹೆಸರೂ ಅರ್ಥವಿಲ್ಲದ ಒಂದು ಜಾಲತಾಣದ ವಿಳಾಸವೂ ಇದೆ. ಯಾರೋ ಯಾವುದೋ ತಾಣದಲ್ಲಿ ‘ನಾನು ರೋಬೋಟ್ ಅಲ್ಲ ಎನ್ನಲು ಅಲೋ ಒತ್ತಿ’ ಎಂದದ್ದನ್ನು ನಂಬಿ ಒತ್ತಿದ್ದಾರೆ, ಆ ತಾಣಕ್ಕೆ ಸೂಚನೆ ಕಳಿಸುವ ಪರವಾನಗಿ ಸಿಕ್ಕಿದೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸೈಟ್ ಸೆಟ್ಟಿಂಗ್ಸ್’, ಅದರಲ್ಲಿ ‘ನೋಟಿಫಿಕೇಷನ್ಸ್’ ತೆರೆದು ಗುರುತಿಲ್ಲದ ವಿಳಾಸಗಳನ್ನೆಲ್ಲ ತೆಗೆದುಹಾಕಿ. ಆ ಎಚ್ಚರಿಕೆಯ ಮೇಲೆ ಒತ್ತಿ ಕಾರ್ಡ್ ನಂಬರ್ ಮಾತ್ರ ಕೊಡಬೇಡಿ. ಪರದೆ ತುಂಬ ಎಚ್ಚರಿಕೆ ತೋರಿಸಿ ‘ಈ ನಂಬರಿಗೆ ಕರೆ ಮಾಡಿ’ ಎನ್ನುವುದೂ ಇದೇ ಜಾತಿಯದು. ಮೈಕ್ರೋಸಾಫ್ಟ್ ಯಾರಿಗೂ ಹಾಗೆ ಫೋನ್ ನಂಬರ್ ತೋರಿಸುವುದಿಲ್ಲ.

ನನಗೆ ನಿಜವಾಗಿ ಭಯವಿರುವುದು ಶಬ್ದ ಮಾಡದ ಪಿಡುಗಿನ ಬಗ್ಗೆ. ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಬೀಗ ಮುರಿದ ತಂತ್ರಾಂಶದ ಜೊತೆ ಬರುವ ‘ಸ್ಟೀಲರ್’ಗಳು ಕಡತ ಕೆಡಿಸುವುದಿಲ್ಲ, ಕಂಪ್ಯೂಟರ್ ನಿಧಾನ ಮಾಡುವುದಿಲ್ಲ. ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡ್‌ಗಳನ್ನೂ ಕುಕಿಗಳನ್ನೂ ಗಂಟುಕಟ್ಟಿ ಕಳಿಸಿ, ಎಷ್ಟೋ ಬಾರಿ ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. ಕುಕಿ ಎಂದರೆ ನೀವು ಆಗಲೇ ಲಾಗಿನ್ ಆಗಿದ್ದೀರಿ ಎಂಬುದಕ್ಕೆ ತಾಣ ಕೊಟ್ಟ ಚೀಟಿ. ಅದು ಕದ್ದವನ ಕೈಯಲ್ಲಿದ್ದರೆ ಅನೇಕ ತಾಣಗಳು ಅವನಿಂದ ಓಟಿಪಿ ಕೂಡ ಕೇಳುವುದಿಲ್ಲ. ನಿಮ್ಮ ಬ್ರೌಸರಿನಲ್ಲಿ ನಿಮ್ಮ ಇಮೇಲ್, ಬ್ಯಾಂಕ್ ಅಷ್ಟೇ ಇಲ್ಲ. ಸೇವಾ ಸಿಂಧು ಲಾಗಿನ್ ಇದೆ, ‘ಪಾಸ್‌ವರ್ಡ್ ಸೇವ್ ಮಾಡಲೇ’ ಎಂದಾಗ ಅವಸರದಲ್ಲಿ ಹೌದು ಎಂದದ್ದರಿಂದ ಹತ್ತಾರು ಗಿರಾಕಿಗಳ ಖಾತೆಗಳೂ ಇರುತ್ತವೆ. ಆದ್ದರಿಂದ ಮುಖ್ಯ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ, ‘ಎಲ್ಲ ಸಾಧನಗಳಿಂದ ಲಾಗೌಟ್’ ಆಯ್ಕೆ ಇರುವ ಕಡೆ ಅದನ್ನೂ ಒತ್ತಿ. ಆದರೆ ಈ ಕೆಲಸವನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಮಾಡಬೇಡಿ. ಕಳ್ಳ ಮನೆಯೊಳಗೇ ಇರುವಾಗ ಅವನೆದುರಿಗೆ ಬೀಗ ಬದಲಿಸಿದ ಹಾಗಾಗುತ್ತದೆ. ಮೊಬೈಲಿನಿಂದ ಮಾಡಿ. ಖಾತೆಯಿಂದ ಹಣ ಹೋಗಿದ್ದು ಕಂಡರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ, ಆಮೇಲೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ.

ಕಡತಗಳಿಗೆಲ್ಲ ಬೀಗ ಹಾಕಿ ಕೀಲಿಗೆ ದುಡ್ಡು ಕೇಳುವ ರ್ಯಾನ್ಸಮ್‌ವೇರ್ ನಿಮಗಿನ್ನೂ ತಗುಲಿಲ್ಲ, ಆದರೆ ದಾರಿ ಅದೇ. ಸ್ಟಾಪ್ ಎಂಬ ರ್ಯಾನ್ಸಮ್‌ವೇರ್ ಕುಟುಂಬ ಹರಡಿದ್ದೇ ಮುಖ್ಯವಾಗಿ ಕ್ರ್ಯಾಕ್‌ಗಳು ಮತ್ತು ಆಕ್ಟಿವೇಟರ್‌ಗಳ ಮೂಲಕ. ವಿಂಡೋಸ್ ಅಪ್‌ಡೇಟ್ ನಿಲ್ಲಿಸಿಟ್ಟವರಿಗೆ 2017ರ ವಾನಾಕ್ರೈ ಎಂಬ ರ್ಯಾನ್ಸಮ್‌ವೇರನ್ನು ನೆನಪಿಸುತ್ತೇನೆ. ಅದು ನುಸುಳಿದ ಬಿರುಕನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಮುಚ್ಚಿತ್ತು, ದಾಳಿ ನಡೆದದ್ದು ಮೇ 12ರಂದು. ನಡುವೆ ಸುಮಾರು ಎರಡು ತಿಂಗಳು ಇತ್ತು. ಆದರೂ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ನಿಮ್ಮದು ವಿಂಡೋಸ್ 10 ಆಗಿದ್ದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ತಿಳಿದಿರಲಿ. ವೈರಸ್ ಪಟ್ಟಿ ಹೊಸದಾಗುತ್ತಿದ್ದರೂ ಗೋಡೆಯ ಬಿರುಕಿಗೆ ಗಾರೆ ಬೀಳದಿದ್ದರೆ ಕಾವಲುಗಾರನಾದರೂ ಎಷ್ಟು ಕಡೆ ಓಡಿಯಾನು? ವ್ಯವಹಾರದ ಲೆಕ್ಕ, ಡಿಟಿಪಿ ಕಡತಗಳ ಒಂದು ಪ್ರತಿಯನ್ನು ಬೇರೆ ಹಾರ್ಡ್‌ಡಿಸ್ಕ್‌ಗೆ ಹಾಕಿ, ವೈರ್ ಕಿತ್ತು, ಬೀರುವಿನಲ್ಲಿ ಇಡಿ. ವೈರ್ ಸಿಕ್ಕಿಸಿಯೇ ಇಟ್ಟರೆ ಅದಕ್ಕೂ ಬೀಗ ಬೀಳುತ್ತದೆ.

ಈಗ ನಿಮ್ಮ ಪ್ರಶ್ನೆ: ಹಾಕಿಸಲೇ? ಲೈಸೆನ್ಸ್ ಇರುವ ವಿಂಡೋಸ್, ವಿನಾಯಿತಿ ಪಟ್ಟಿ ಖಾಲಿ, ಅಪ್‌ಡೇಟ್ ಚಾಲೂ ಇದ್ದರೆ ಅದರ ಜೊತೆಗೇ ಬರುವ ಡಿಫೆಂಡರ್ ನಿಮ್ಮ ಅಂಗಡಿಗೆ ಸಾಕು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ನನ್ನ ವೃತ್ತಿಯವರೇ ಒಪ್ಪದಿರಬಹುದು. ಅವರ ವಾದದಲ್ಲೂ ಹುರುಳಿದೆ. ಡಿಫೆಂಡರ್‌ನ ‘ಫುಲ್ ಸ್ಕ್ಯಾನ್’ ಪೆನ್‌ಡ್ರೈವ್‌ಗಳನ್ನು ಬಿಟ್ಟು ಮುಂದೆ ಹೋಗುತ್ತದೆ, ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ನೀವೇ ಸ್ಕ್ಯಾನ್ ಮಾಡಿಸಬೇಕು. ದಿನಕ್ಕೆ ಮೂವತ್ತು ಪೆನ್‌ಡ್ರೈವ್ ಬರುವ ಕಡೆ ಅದನ್ನು ಯಾರು ಮಾಡುತ್ತಾರೆ? ಚುಚ್ಚಿದ ಕೂಡಲೇ ತಾನಾಗಿ ತಡಕಾಡುವ ಸೌಲಭ್ಯ ಪುಣೆಯ ಕ್ವಿಕ್ ಹೀಲ್‌ನಂಥ ಹಣದ ಆಂಟಿವೈರಸ್‌ಗಳಲ್ಲಿ ಸಿಗುತ್ತದೆ. ಅಷ್ಟಕ್ಕಾಗಿ ಕೊಳ್ಳುವುದಾದರೆ ಕೊಳ್ಳಿ. ಆದರೆ ಕೊಳ್ಳುವ ಮೊದಲು ವಿಂಡೋಸ್ ಲೈಸೆನ್ಸ್ ಕೊಳ್ಳಿ. ಎರಡು ಆಂಟಿವೈರಸ್ ಒಟ್ಟಿಗೆ ಇಡಬೇಡಿ, ಒಬ್ಬರನ್ನೊಬ್ಬರು ಕಳ್ಳ ಎಂದುಕೊಂಡು ಕುತ್ತಿಗೆ ಹಿಡಿಯುತ್ತಾರೆ.

ನಿಮ್ಮಲ್ಲಿ ಎರಡು ಕಂಪ್ಯೂಟರ್ ಇರುವುದರಿಂದ ನಾನಾಗಿದ್ದರೆ ಇನ್ನೊಂದು ಉಪಾಯ ಮಾಡುತ್ತಿದ್ದೆ. ಹಳೆಯದಕ್ಕೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ, ಗಿರಾಕಿಗಳ ಪೆನ್‌ಡ್ರೈವ್ ಅದಕ್ಕೆ ಮಾತ್ರ ಎಂದು ಮೇಲೆ ಚೀಟಿ ಅಂಟಿಸುತ್ತಿದ್ದೆ. ವಿಂಡೋಸ್‌ಗೆ ಬರೆದ ಶಾರ್ಟ್‌ಕಟ್ ವೈರಸ್ ಅಲ್ಲಿ ಓಡುವುದಿಲ್ಲ, ಪಿಡಿಎಫ್ ಪ್ರಿಂಟ್‌ಗೆ ಬೇರೇನೂ ಬೇಕಿಲ್ಲ. ನುಡಿ ಫಾಂಟ್‌ನಲ್ಲಿ ಬರೆದ ಹಳೆಯ ಕಡತಗಳು ಮಾತ್ರ ಆ ಫಾಂಟ್ ಸೇರಿಸುವವರೆಗೆ ಚಿತ್ರವಿಚಿತ್ರ ಅಕ್ಷರವಾಗಿ ಕಾಣುತ್ತವೆ, ಗಾಬರಿಯಾಗಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ‘ಮದುವೆ ಆಮಂತ್ರಣ’ ಎಂದು ಬರುವ ಎಪಿಕೆ ಕಡತ (ಆಂಡ್ರಾಯ್ಡ್ ಮೊಬೈಲಿಗೆ ಆ್ಯಪ್ ಹಾಕುವ ಕಡತ) ಎರಡೂ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ, ಸರಿ. ಹಾಗೆಂದು ‘ಮೊಬೈಲಿನಲ್ಲಿ ತೆರೆಯಿರಿ’ ಎಂದು ಗಿರಾಕಿಗೆ ಹೇಳಿಬಿಡಬೇಡಿ. ಅದು ಕಾಯುತ್ತಿರುವುದು ಮೊಬೈಲಿಗಾಗಿಯೇ.

ಸದ್ಯಕ್ಕೆ ಇಷ್ಟು ಮಾಡಿ: ವಿನಾಯಿತಿ ಪಟ್ಟಿ ಅಳಿಸಿ, ಅಪ್‌ಡೇಟ್ ಮಾಡಿ, ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಆರಿಸಿ. ಕಂಪ್ಯೂಟರ್ ಮರುಚಾಲೂ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕಾಟ ನಡೆಯುತ್ತದೆ, ಹದಿನೈದು ನಿಮಿಷದ ಕೆಲಸ. ಆಮೇಲೆ ಕಾವಲುಗಾರ ಎದ್ದಿದ್ದಾನೆಯೇ ಎಂದು ನೋಡಲು ಐಕಾರ್ ಎಂಬ ಪರೀಕ್ಷಾ ಕಡತವನ್ನು ಐಕಾರ್ ಸಂಸ್ಥೆಯ ತಾಣದಿಂದಲೇ ಇಳಿಸಿಕೊಳ್ಳಿ. 68 ಅಕ್ಷರಗಳ ನಿರುಪದ್ರವಿ ಕಡತ ಅದು, ವೈರಸ್ಸೆಂದೇ ಭಾವಿಸಿ ಹಿಡಿಯಬೇಕೆಂದು ಆಂಟಿವೈರಸ್ ಕಂಪನಿಗಳೆಲ್ಲ ಒಪ್ಪಿಕೊಂಡಿವೆ. ನಿಮ್ಮದು ಕೂಗದಿದ್ದರೆ ಇನ್ನೂ ಎಲ್ಲೋ ಬಾಯಿ ಕಟ್ಟಿದೆ ಎಂದರ್ಥ. ಕೂಗಿದರೂ, ಎಷ್ಟು ದಿನದಿಂದ ಕಾವಲಿಲ್ಲದೆ ಇತ್ತೋ ತಿಳಿಯದ ಕಂಪ್ಯೂಟರನ್ನು ನಾನು ನಂಬುವುದಿಲ್ಲ. ಒಂದು ಭಾನುವಾರ ಕಡತಗಳನ್ನು ಮಾತ್ರ ಹೊರಗೆ ತೆಗೆದುಕೊಂಡು, ಲೈಸೆನ್ಸ್ ಇರುವ ವಿಂಡೋಸನ್ನು ಹೊಸದಾಗಿ ಹಾಕಿಸಿ. ಪ್ರೋಗ್ರಾಂಗಳ ಹಳೆಯ ಸೆಟಪ್‌ಗಳನ್ನು ಮರಳಿ ತರಬೇಡಿ.

ಕೊನೆಗೆ, ನೀವು ಕೇಳದೇ ಇದ್ದದ್ದು. ನಿಮ್ಮ ಎರಡನೆಯ ಫೋಟೋದ ಎಡಭಾಗದಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ತೆರೆದಿದೆ. ಕಾಣುವಷ್ಟರಲ್ಲೇ ಹನ್ನೊಂದು ಇ-ಆಧಾರ್ ಪಿಡಿಎಫ್‌ಗಳು, ಪಕ್ಕದಲ್ಲಿ ಅದೇ ಜನರ ಹೆಸರಿನ ಅಂಕಪಟ್ಟಿಗಳು. ಇ-ಆಧಾರ್‌ನ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಹೆಸರು ಪಕ್ಕದ ಕಡತದಲ್ಲೇ ಇದೆ, ಹುಟ್ಟಿದ ತಾರೀಖು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಒಳಗೇ ಇದೆ. ಇಂದು ಅಂಗಡಿಯ ಬಾಗಿಲು ಎಳೆಯುವ ಮುನ್ನ ಆ ಫೋಲ್ಡರ್ ಖಾಲಿ ಮಾಡಿ, ರೀಸೈಕಲ್ ಬಿನ್ ಕೂಡ. ನನಗೆ ಕಳಿಸಿದ ಆ ಫೋಟೋವನ್ನು ನಾನು ಅಳಿಸಿದ್ದೇನೆ, ನಿಮ್ಮ ಮೊಬೈಲಿನಿಂದಲೂ ಅಳಿಸಿಬಿಡಿ.